ಪೆಟ್ಟು ಬಿದ್ದಾಗ: ಮಾಡಬೇಕಾದ್ದು, ಮಾಡಬಾರದ್ದು

ಉಗಾರ ಬುದ್ರುಕದ ಕಬ್ಬಿನ ಗ್ಯಾಂಗುಗಳಿಗೆ, ಮುಕಾದಮರಿಗೆ, ಟ್ರ್ಯಾಕ್ಟರ್ ಚಾಲಕರಿಗೆ

ಹಂಗಾಮು ಶುರುವಾದರೆ ಕುಡಗೋಲು ತಾಗುವುದು, ಟ್ರೇಲರಿನಿಂದ ಜಾರಿ ಕಾಲು ಉಳುಕುವುದು ತಪ್ಪಿದ್ದಲ್ಲ. ಅಂಥ ನೋವಿಗೆ ಅಮಲಿನ ಗುಳಿಗೆ ಬೇಕಿಲ್ಲ. ಕೈಕಾಲು ನೋವೆಂದು ನ್ಯೂಯಾರ್ಕಿನ ತುರ್ತು ವಿಭಾಗಕ್ಕೆ ಬಂದ 400ಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಜೋಡಿ ಎರಡು ತಾಸಿನಲ್ಲಿ ಅಫೀಮು ಜಾತಿಯ ಮಾತ್ರೆಗಳಷ್ಟೇ ನೋವು ಇಳಿಸಿತ್ತು.

ಮಾಡಬೇಕಾದ್ದು

ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆಯಿಟ್ಟು ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಡುವೆ ತೆಗೆದು ಇಣುಕಬೇಡಿ. ಸಣ್ಣ ಗಾಯವನ್ನು ಹರಿಯುವ ನೀರಲ್ಲಿ ತೊಳೆಯಿರಿ. ಧನುರ್ವಾಯು ತಡೆಯುವ ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಿ.

ಉಳುಕಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸು 15–20 ನಿಮಿಷ ಇಡಿ. ಮಲಗಿದಾಗ ಕಾಲು ಎದೆಗಿಂತ ಎತ್ತರದಲ್ಲಿರಲಿ.

ದೊಡ್ಡವರಿಗೆ ಪ್ಯಾರಾಸಿಟಮಾಲ್ 650 ಆರು ತಾಸಿಗೊಂದು, ದಿನಕ್ಕೆ ನಾಲ್ಕರ ಮೇಲೆ ಬೇಡ. ಸಾಲದಿದ್ದರೆ ಊಟವಾದ ಮೇಲೆ ಐಬುಪ್ರೊಫೆನ್ 400, ಎಂಟು ತಾಸಿಗೊಂದು, ಹೆಚ್ಚೆಂದರೆ ಮೂರು ದಿನ. ಗುಳಿಗೆ ಸ್ಟ್ರಿಪ್ಪಿನ ಹಿಂದೆ ಓದಿ: ಬಹಳಷ್ಟು ನೋವಿನ ಗುಳಿಗೆಗಳಲ್ಲಿ ಪ್ಯಾರಾಸಿಟಮಾಲ್ ಮೊದಲೇ ಸೇರಿರುತ್ತದೆ.

ಮಾಡಬಾರದ್ದು

ಬಿಸಿಲಲ್ಲಿ ಬೆವರಿ ನೀರಿಲ್ಲದೆ ದಣಿದವರು ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಬಾರದು. ಕಿಡ್ನಿಗೆ ಪೆಟ್ಟು ಬೀಳುವುದು ಹೀಗೇ. ಬಸುರಿಯರು, ಹೊಟ್ಟೆಹುಣ್ಣು, ಕಿಡ್ನಿ, ಹೃದಯ ಕಾಯಿಲೆ ಅಥವಾ ಆಸ್ತಮಾ ಇದ್ದವರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ನಿಮೆಸುಲೈಡ್ ಎಂಬ ನೋವಿನ ಔಷಧಿ ಕೊಡಲೇಬಾರದು, 2011ರಿಂದ ನಿಷೇಧವಿದೆ.

ಗೆಳೆಯನ ಡಬ್ಬಿಯ ಟ್ರಮಡಾಲ್ ಎಂಬ ಅಮಲಿನ ಗುಳಿಗೆ ತೆಗೆದುಕೊಳ್ಳಬೇಡಿ. 2018ರಿಂದ ಅದು ಮಾದಕವಸ್ತು ಕಾಯ್ದೆಯಡಿ ಬರುತ್ತದೆ. ಅದನ್ನು ನುಂಗಿ ಟ್ರ್ಯಾಕ್ಟರ್ ಹತ್ತುವವನು ಹಿಂದಿನ ಟ್ರೇಲರಿನಲ್ಲಿ ಕೂತವರನ್ನೂ ಅಪಾಯಕ್ಕೆ ಒಡ್ಡುತ್ತಾನೆ. ಮುರಿದ ಮೂಳೆಗೆ ಆಸ್ಪತ್ರೆಯಲ್ಲೇ ವೈದ್ಯರು ಕೊಟ್ಟರೆ ಅದು ಬೇರೆ ಮಾತು.

ನೋವು ಮರೆಯಲು ಸಾರಾಯಿ ಬೇಡ. ಅದರ ಮೇಲೆ ಪ್ಯಾರಾಸಿಟಮಾಲ್ ಬಿದ್ದರೆ ಯಕೃತ್ತಿಗೆ ಕುತ್ತು. ಗಾಯಕ್ಕೆ ಕಾಫಿಪುಡಿ, ಸುಣ್ಣ ಮೆತ್ತಬೇಡಿ. ಬಾತ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಒಳಗೆ ಮೂಳೆ ಬಿರುಕು ಬಿಟ್ಟಿರಬಹುದು.

ತಡಮಾಡಬಾರದ ಗುರುತುಗಳು

ಕೈಕಾಲಿಗೆ ಪಟ್ಟಿ ಕಟ್ಟಿದ್ದರೆ ಬೆರಳಿನ ಉಗುರು ಒತ್ತಿ ಬಿಡಿ. ಎರಡು ಸೆಕೆಂಡಿನಲ್ಲಿ ಕೆಂಪು ಮರಳದಿದ್ದರೆ, ಬೆರಳು ಜುಮ್ಮೆಂದರೆ, ತಣ್ಣಗಾದರೆ ಕಟ್ಟಿದ ಪಟ್ಟಿ ಸಡಿಲಿಸಿ. ಗುಳಿಗೆ ನುಂಗಿದ ಮೇಲೂ ನೋವು ಏರುತ್ತ, ಮೀನಖಂಡ ಕಲ್ಲಿನಂತೆ ಬಿಗಿಯುತ್ತಿದ್ದರೆ ಬೆಳಗಾಗಲೆಂದು ಕಾಯಬೇಡಿ. ತಲೆಗೆ ಪೆಟ್ಟಾಗಿ ವಾಂತಿಯಾದರೂ ಅಷ್ಟೇ. 108ಕ್ಕೆ ಕರೆ ಮಾಡಿ, ನುಂಗಿದ ಗುಳಿಗೆಯ ಖಾಲಿ ಸ್ಟ್ರಿಪ್ ಕಿಸೆಯಲ್ಲಿ ಇಟ್ಟುಕೊಂಡು ಹೊರಡಿ.