ಮೂರು ಪಾಲು, ಒಂದು ಕ್ರಮ

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯವರಾದರೆ ತೊಗರಿ ಹೊಲದ ಪಹಣಿಯನ್ನು ನೀವು ಒಮ್ಮೆಯಾದರೂ ನೋಡಿರುತ್ತೀರಿ. ಅದರಲ್ಲಿ ಸರ್ವೆ ನಂಬರು 45/2, 45/10 ಎಂಬಂತೆ ಇರುತ್ತದೆ. ನಡುವಿನ ಓರೆ ಗೆರೆಯನ್ನು ಕಂಡು ಯಾರೂ ಭಾಗಾಕಾರ ಮಾಡುವುದಿಲ್ಲ. ಎರಡನೆಯ ಹಿಸ್ಸೆ, ಹತ್ತನೆಯ ಹಿಸ್ಸೆ ಎಂದೇ ಓದುತ್ತೇವೆ. ಹಿಸ್ಸೆ ಎಂದರೆ ಪಾಲು. ಇಷ್ಟು ತಿಳಿದಿದ್ದರೆ ಇಂದಿನ ಪಾಠ ನಿಮಗೆ ಹೊಸದಲ್ಲ.

ತಂತ್ರಾಂಶವನ್ನು ತಿದ್ದಿ ಬಿಡುಗಡೆ ಮಾಡಿದಾಗಲೆಲ್ಲ ಅದಕ್ಕೊಂದು ಗುರುತು ಕೊಡುತ್ತಾರೆ. ಅದೇ ಆವೃತ್ತಿ ಸಂಖ್ಯೆ. ಪಹಣಿಯ ಗೆರೆಯಂತೆ ಇಲ್ಲಿನ ಚುಕ್ಕಿಯೂ ಪಾಲುಗಳನ್ನು ಬೇರ್ಪಡಿಸುವ ಗುರುತು, ದಶಮಾಂಶದ್ದಲ್ಲ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ 3.9 ಬಂದದ್ದು 2020ರಲ್ಲಿ, 3.10 ಬಂದದ್ದು 2021ರಲ್ಲಿ. ದಶಮಾಂಶವೆಂದು ಓದಿದರೆ 3.10 ಎಂದರೆ 3.1, ಹೊಸದೇ ಹಳೆಯದಾಗಿಬಿಡುತ್ತದೆ. ನಿಘಂಟಿನ ಪದಗಳಂತೆ ಒಂದೊಂದೇ ಚಿಹ್ನೆ ಹೋಲಿಸಿದರೂ ಅದೇ ತಪ್ಪು, ಏಕೆಂದರೆ 9ಕ್ಕಿಂತ 1 ಮೊದಲು.

ಆದ್ದರಿಂದ ಚುಕ್ಕಿ ಇರುವಲ್ಲೆಲ್ಲ ಬಿಡಿಸಿ. ಪ್ರತಿ ತುಂಡನ್ನೂ ಪೂರ್ಣ ಸಂಖ್ಯೆಯಾಗಿ ಓದಿ. ಎಡದಿಂದ ಜೋಡಿ ಜೋಡಿಯಾಗಿ ಹೋಲಿಸಿ. ಮೊದಲು ವ್ಯತ್ಯಾಸ ಕಂಡಲ್ಲೇ ತೀರ್ಮಾನ. ಒಂದರಲ್ಲಿ ತುಂಡು ಕಡಿಮೆಯಿದ್ದರೆ ಅಲ್ಲಿ ಸೊನ್ನೆ ಇದೆಯೆಂದು ತಿಳಿಯಿರಿ: 1.2 ಮತ್ತು 1.2.0 ಸಮಾನ.

ಈಗ ಕಠಿಣ ಭಾಗ. ಹಿಸ್ಸೆ ಮತ್ತೆ ಒಡೆದಾಗ 1ಅ ಎಂಬಂತೆ ಅಕ್ಷರ ಸೇರುತ್ತದೆ; ಆವೃತ್ತಿ ಸಂಖ್ಯೆಯಲ್ಲೂ ಹೀಗೆ ಅಕ್ಷರ ಬರುವುದುಂಟು. ‘ಎರಡೂ ತುಂಡುಗಳಲ್ಲಿ ಬರೀ ಅಂಕಿಗಳಿದ್ದರೆ ಸಂಖ್ಯೆಯಂತೆ, ಇಲ್ಲದಿದ್ದರೆ ಪದದಂತೆ ಹೋಲಿಸೋಣ’ ಎಂದು ನಿಯಮ ಮಾಡಿದಿರೆನ್ನಿ. 2ರ ನಂತರ 10 ಬರುತ್ತದೆ, ಸರಿ. ಪದದಂತೆ ನೋಡಿದರೆ 10ರ ನಂತರ 1ಅ ಬರುತ್ತದೆ, ಏಕೆಂದರೆ ಕಂಪ್ಯೂಟರಿನ ಪಟ್ಟಿಯಲ್ಲಿ ಅಂಕಿಗಳಾದ ಮೇಲೆ ಅಕ್ಷರಗಳು. ಆದರೆ 1ಅ ನಂತರ ಮತ್ತೆ 2! ಮೂವರೂ ಒಬ್ಬರ ಹಿಂದೊಬ್ಬರು ಸುತ್ತುತ್ತಿದ್ದಾರೆ. ಸಾಲಿನ ತಲೆಯೇ ಸಿಗುವುದಿಲ್ಲ. ಪರಿಹಾರ ಸರಳ: 1ಅ ಎಂಬುದನ್ನೂ 1 ಮತ್ತು ಅ ಎಂದು ಬಿಡಿಸಿ. ಆಗ 1ಅ, 2, 10 ಎಂಬ ಒಂದೇ ಕ್ರಮ ಉಳಿಯುತ್ತದೆ.

ಅಕ್ಷರ ಏನನ್ನು ಹೇಳುತ್ತದೆ ಎಂಬುದನ್ನೂ ಮೊದಲೇ ನಿರ್ಧರಿಸಿ. ಬೀಟಾ ಎಂದರೆ ಪರೀಕ್ಷೆಗೆ ಕೊಟ್ಟ ಪ್ರತಿ, ಆದ್ದರಿಂದ 2.0-ಬೀಟಾ 2.0ಕ್ಕಿಂತ ಹಿಂದಿನದು. ಡೆಬಿಯನ್ ಎಂಬ ಕಂಪ್ಯೂಟರ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಇದಕ್ಕೆಂದೇ ~ ಚಿಹ್ನೆ ಬಳಸುತ್ತಾರೆ; 2.0~ಬೀಟಾ ಎಂದು ಬರೆದರೆ ಅದು 2.0ಕ್ಕಿಂತ ಮೊದಲಿನದು.

ನೀವು ನಿಯಮ ಬರೆದಾಗಲೆಲ್ಲ ಎರಡನ್ನು ಹೋಲಿಸಿ ತೃಪ್ತರಾಗಬೇಡಿ. ಮೂರನ್ನು ತೆಗೆದುಕೊಳ್ಳಿ, ಹಾಳೆಯ ಮೇಲೆ ಸಾಲಾಗಿ ಬರೆಯಿರಿ, ಕೊನೆಯದನ್ನು ಮೊದಲಿನದರೊಂದಿಗೆ ಹೋಲಿಸಿ ನೋಡಿ.