ಹೆಸರು ಅಚ್ಚಾಗದ ಹಸಿರು

ನಮ್ಮ ಹೋಬಳಿಯ ರೈತ ಸಂಘದ ಹುಡುಗರು ಈಚೆಗೆ ಒಂದು ಬೇಡಿಕೆ ಇಟ್ಟರು. ಹಸಿರು ಶಾಲು ಹಳೇದಾಯಿತು, ಎಲ್ಲರಿಗೂ ಟೀ ಶರ್ಟ್ ಮಾಡಿಸೋಣ. ಎದೆ ಮೇಲೆ ಲೋಗೊ, ಬೆನ್ನ ಮೇಲೆ ಮುಖಂಡರ ಫೋಟೊ, ತೋಳಿನ ಮೇಲೆ ಖರ್ಚು ಕೊಟ್ಟ ಅಂಗಡಿಯವರ ಹೆಸರು. ಹುಡುಗರ ಹುಮ್ಮಸ್ಸಿನ ಮೇಲೆ ನನಗೆ ಗೌರವವಿದೆ. ಚಳವಳಿಗೆ ಹೊಸಬರು ಬರುವುದೇ ಕಡಿಮೆಯಾಗಿರುವ ಕಾಲದಲ್ಲಿ, ಬಂದವರ ಮಾತನ್ನು ತಳ್ಳಿಹಾಕುವುದು ಸರಿಯಲ್ಲ. ಆದರೂ ಮುದ್ದೇನಹಳ್ಳಿ ಪಕ್ಕದಲ್ಲಿ ದ್ರಾಕ್ಷಿ, ಹಿಪ್ಪುನೇರಳೆ ಬೆಳೆಯುತ್ತ, ಹೆಗಲ ಮೇಲೆ ಶಾಲು ಹಾಕಿಕೊಂಡೇ ವಯಸ್ಸಾದವನಾಗಿ ಈ ವಿಷಯದಲ್ಲಿ ನಾನು ಕಲಿತಿದ್ದನ್ನು ಹೇಳಲೇಬೇಕು. ಶಾಲು ಇರಲಿ, ಅದರ ಮೇಲೆ ಯಾರ ಹೆಸರೂ ಬೇಡ, ಅದನ್ನು ಯಾರೂ ಪುಕ್ಕಟೆ ಹಂಚುವುದೂ ಬೇಡ.

ಟೀ ಶರ್ಟ್ ಮಾತು ಬಂದಾಗ ಮೊದಲು ಎದ್ದು ನಿಂತವರು ಹೆಂಗಸರು. 'ಸೀರೆ ಮೇಲೆ ಅದನ್ನ ಹೆಂಗಪ್ಪ ಹಾಕ್ಕೊಳ್ಳೋದು? ನಾವು ಬರೋದು ಬ್ಯಾಡ ಅಂತ ನೇರವಾಗೇ ಹೇಳ್ಬಿಡ್ರಿ' ಎಂದರು ಒಬ್ಬರು. ನಮ್ಮ ಧರಣಿಗಳಲ್ಲಿ ಬಿಸಿಲಿಗೆ ಕದಲದೆ ಕೂರುವವರು ಅವರೇ. ಶಾಲಾದರೆ ಸೀರೆಯ ಮೇಲೂ ನಿಲ್ಲುತ್ತದೆ, ಪಂಚೆಯ ಜೊತೆಗೂ, ಪ್ಯಾಂಟಿನ ಜೊತೆಗೂ ಸೇರುತ್ತದೆ. ಅಳತೆ ಕೇಳುವುದಿಲ್ಲ. 2016ರ ಮಾರ್ಚ್‌ನಲ್ಲಿ ಶಾಶ್ವತ ನೀರಾವರಿಗಾಗಿ ಕೋಲಾರ, ಚಿಕ್ಕಬಳ್ಳಾಪುರದ ರೈತರು ಟ್ರ್ಯಾಕ್ಟರ್ ಹೊಡೆದುಕೊಂಡು ಬೆಂಗಳೂರಿನ ಕಡೆ ಹೊರಟರಲ್ಲ, ಅವತ್ತು ನಾನು ನೋಡಿದ ಶಾಲುಗಳಲ್ಲಿ ಕೆಲವು ತಲೆಗೆ ರುಮಾಲಾಗಿದ್ದವು, ಕೆಲವು ಬುತ್ತಿಯ ಗಂಟಾಗಿದ್ದವು. ದಾರಿ ಬದಿಯ ನಲ್ಲಿಯಲ್ಲಿ ಒದ್ದೆ ಮಾಡಿ ಮುಖ ಒರೆಸಿಕೊಂಡವರೂ ಇದ್ದರು. ಹತ್ತಿಯ ಶಾಲು ನೀರು ಹಿಡಿಯಿತು. ಯಾವುದೋ ಸಭೆಯಲ್ಲಿ ಹಂಚಿದ್ದ ಪಾಲಿಸ್ಟರ್ ಶಾಲು ನೀರನ್ನೆಲ್ಲ ಜಾರಿಸಿ ನೆಲಕ್ಕೆ ಬಿಟ್ಟಿತು.

ಈ ಬಟ್ಟೆಗೆ ಬೆಲೆ ಬಂದದ್ದು ಸುಮ್ಮನೆ ಅಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಗೋಲಿಬಾರ್ ಆಯಿತು. ಅದೇ ವರ್ಷ ರೈತ ಸಂಘ ಹುಟ್ಟಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಅವರ ಕಾಲದಲ್ಲಿ ಹಸಿರು ಶಾಲು ಹಳ್ಳಿ ಹಳ್ಳಿಗೆ ಬಂತು. ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೈಮುಗಿದು ನಿಲ್ಲುತ್ತಿದ್ದ ರೈತ, ಶಾಲು ಹಾಕಿಕೊಂಡು ಹೋಗಿ ಕುರ್ಚಿ ಎಳೆದು ಕೂತ. ಪಹಣಿಗೆ, ಪೋಡಿಗೆ ಲಂಚ ಕೇಳುವ ಬಾಯಿ ಸ್ವಲ್ಪ ತಡವರಿಸಿತು. ಶಾಲಿನ ಮೇಲೆ ಯಾವ ಅಕ್ಷರವೂ ಇರಲಿಲ್ಲ. ಹೊದ್ದವನ ಹಿಂದೆ ಊರು ನಿಂತಿದೆ ಎಂಬುದು ಎದುರಿನವನಿಗೆ ಗೊತ್ತಿತ್ತು, ಅಷ್ಟೆ.

ಬೆಲೆ ಇರುವ ಕಡೆ ಕಳ್ಳತನವೂ ಇರುತ್ತದೆ. ನಮ್ಮ ಕಡೆಯ ಒಬ್ಬ ಹೆಣ್ಣುಮಗಳು, ಗಂಡ ತೀರಿಕೊಂಡ ಮೇಲೆ ಪೌತಿ ಖಾತೆಗಾಗಿ ಕಚೇರಿ ಅಲೆಯುತ್ತಿದ್ದಳು. ಹಸಿರು ಶಾಲಿನವನೊಬ್ಬ 'ಅಕ್ಕಾ, ನಾನು ಮಾಡಿಸಿಕೊಡ್ತೀನಿ' ಎಂದು ರೇಷ್ಮೆ ಗೂಡು ಮಾರಿದ ದುಡ್ಡು ಇಸಿದುಕೊಂಡ. ಖಾತೆ ಆಗಲಿಲ್ಲ. ಆಮೇಲೆ ಅವನು ಯಾವ ಸಂಘದವನೆಂದು ಹುಡುಕಿದರೆ ಯಾವ ಸಂಘದಲ್ಲೂ ಇಲ್ಲ. ನಮ್ಮ ಸಭೆಗೆ ಬಂದು ಆಕೆ ಹೇಳಿದ್ದು ಒಂದೇ ಮಾತು: 'ಅವನ ಮುಖ ನೋಡಿ ಕೊಡ್ಲಿಲ್ಲ ಅಣ್ಣಾ, ಶಾಲು ನೋಡಿ ಕೊಟ್ಟೆ.' ಅವತ್ತು ಸಭೆಯಲ್ಲಿ ಯಾರಿಗೂ ಬಾಯಿ ಏಳಲಿಲ್ಲ. ಕೊನೆಗೆ ನಾಲ್ಕು ಜನ ಆಕೆಯ ಜೊತೆ ಕಚೇರಿಗೆ ಹೋಗಿ ಕೂತರು, ಖಾತೆ ಆಗುವವರೆಗೂ ಏಳಲಿಲ್ಲ. ಹೋದ ದುಡ್ಡು ಮಾತ್ರ ವಾಪಸು ಬರಲಿಲ್ಲ.

ಇದೇ ಪ್ರಸಂಗವನ್ನು ಹಿಡಿದು ಹುಡುಗರು ವಾದಿಸಿದರು. ಸಂಘದ ಹೆಸರು, ನಂಬರು ಅಚ್ಚು ಹಾಕಿಸಿದ್ದರೆ ದಲ್ಲಾಳಿ ಸಿಕ್ಕಿಬೀಳುತ್ತಿರಲಿಲ್ಲವೇ? ವಾದದಲ್ಲಿ ಹುರುಳಿದೆ. ಆದರೆ ಪ್ರಿಂಟಿಂಗ್ ಅಂಗಡಿಗೆ ಹೋದರೆ ಯಾವ ಹೆಸರು ಬೇಕಾದರೂ ಒಂದೇ ದಿನದಲ್ಲಿ ಅಚ್ಚಾಗುತ್ತದೆ. ಅಚ್ಚಾದ ಹೆಸರನ್ನು ಕಂಡು ಜನ ಇನ್ನೂ ಬೇಗ ನಂಬುತ್ತಾರೆ. ಗುರುತಿಗೆ ಕಾರ್ಡ್ ಇರಲಿ, ಸದಸ್ಯರ ಪಟ್ಟಿ ಪಂಚಾಯ್ತಿ ಕಟ್ಟೆಯ ಗೋಡೆಯ ಮೇಲಿರಲಿ, ಯಾರು ಬೇಕಾದರೂ ಓದಿಕೊಳ್ಳಲಿ. ಸ್ವಂತ ಕೆಲಸಕ್ಕೆ ಕಚೇರಿಗೆ ಹೋಗುವಾಗ ಶಾಲು ಮನೆಯಲ್ಲಿರಲಿ, ಇನ್ನೊಬ್ಬರ ಕೆಲಸಕ್ಕೆ ಹೋಗುವಾಗ ಹೆಗಲ ಮೇಲಿರಲಿ. ನಮ್ಮಲ್ಲಿ ಈಗ ಈ ಕಟ್ಟುಪಾಡು ಮಾಡಿಕೊಂಡಿದ್ದೇವೆ. ಕೆಲವರಿಗೆ ಇದು ಕಷ್ಟವಾಗಿದೆ. ಸಂಘ ಬಿಟ್ಟು ಹೋದವರೂ ಇದ್ದಾರೆ.

ಫೋಟೊ ವಿಷಯಕ್ಕಂತೂ ನಾನು ಒಪ್ಪುವುದೇ ಇಲ್ಲ. 2004ರ ಫೆಬ್ರವರಿಯಲ್ಲಿ ನಂಜುಂಡಸ್ವಾಮಿ ತೀರಿಕೊಂಡರು. ರೈತ ಸಂಘ ಎಷ್ಟು ಬಣಗಳಾಗಿ ಒಡೆದಿದೆ ಎಂಬುದು ಎಲ್ಲರಿಗೂ ಗೊತ್ತಿದೆ. ಆದರೂ ನೀರಿನ ವಿಷಯಕ್ಕೋ ಹಾಲಿನ ದರಕ್ಕೋ ರಸ್ತೆಗೆ ಇಳಿದರೆ ಎಲ್ಲ ಬಣದವರೂ ಒಂದೇ ಬಣ್ಣದಲ್ಲಿ ಕಾಣುತ್ತಾರೆ, ಪಕ್ಕ ಪಕ್ಕ ಕೂರುತ್ತಾರೆ. ಬಟ್ಟೆಯ ಮೇಲೆ ಒಬ್ಬರ ಮುಖ ಅಚ್ಚಾಗಿದ್ದರೆ ಒಡೆದ ದಿನವೇ ಬಟ್ಟೆಯೂ ಹರಿದು ಹಂಚಿಹೋಗುತ್ತಿತ್ತು. 2018ರ ಮೇನಲ್ಲಿ ಬಿ.ಎಸ್. ಯಡಿಯೂರಪ್ಪ ಹಸಿರು ಶಾಲು ಹೊದ್ದು ರೈತರ ಹೆಸರಿನಲ್ಲಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದಾಗ ನಮ್ಮವರು ಬಹಳ ಜನ ಸಿಟ್ಟಾದರು. ನನಗೆ ಹಾಗನ್ನಿಸಲಿಲ್ಲ. ಯಾರು ಹೊದ್ದರೂ ಅದು ಒಂದು ಸಾಲ. ಅದನ್ನು ತೀರಿಸಿ ಎಂದು ಕೇಳುವ ಹಕ್ಕು ನಮಗಿದೆ.

ಅಂಗಡಿಯವರ ಹೆಸರಿನ ಮಾತು ಇನ್ನೂ ಸೂಕ್ಷ್ಮ. ಟೀ ಶರ್ಟ್‌ಗೆ ದುಡ್ಡು ಕೊಡಲು ಮುಂದೆ ಬಂದದ್ದು ಬಿತ್ತನೆ ಬೀಜ, ಔಷಧಿ ಮಾರುವವರು. ಒಳ್ಳೆಯ ಜನ, ಎಷ್ಟೋ ರೈತರಿಗೆ ಸಾಲವಾಗಿ ಸಾಮಾನು ಕೊಟ್ಟವರು. ಆದರೆ ನಾಳೆ ಕಳಪೆ ಬೀಜಕ್ಕೆ ಪರಿಹಾರ ಕೇಳಿ ಅದೇ ಬಾಗಿಲ ಮುಂದೆ ಕೂರಬೇಕಾಗಿ ಬಂದರೆ ಯಾವ ಬಟ್ಟೆಯಲ್ಲಿ ಕೂರುತ್ತೇವೆ? 1992ರ ಡಿಸೆಂಬರ್‌ನಲ್ಲಿ ಬೀಜದ ಹಕ್ಕಿಗಾಗಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆಸೆದ ಸಂಘ ಇದು. ಆ ದಾರಿ ಸರಿಯೋ ತಪ್ಪೋ ಎಂದು ಇವತ್ತಿಗೂ ಚರ್ಚೆ ಮಾಡಬಹುದು. ಅವತ್ತು ನುಗ್ಗಿದವರ ಹೆಗಲ ಮೇಲೆ ಮಾತ್ರ ಯಾವ ಕಂಪನಿಯ ಋಣವೂ ಇರಲಿಲ್ಲ.

ಬಟ್ಟೆಯನ್ನೇ ಚಳವಳಿ ಮಾಡಿದವರು ನಮ್ಮ ಜಿಲ್ಲೆಗೆ ಹೊಸಬರಲ್ಲ. ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಜನ ಗುಂಡಿಗೆ ಎದೆಯೊಡ್ಡಿದ್ದು ಚರಕದ ಬಾವುಟಕ್ಕಾಗಿ. ಗಾಂಧೀಜಿ ಅಧ್ಯಕ್ಷರಾಗಿದ್ದ 1924ರ ಬೆಳಗಾವಿ ಅಧಿವೇಶನದಲ್ಲಿ ಕಾಂಗ್ರೆಸ್ಸಿನ ಸದಸ್ಯತ್ವಕ್ಕೆ ತಿಂಗಳಿಗೆ 2,000 ಗಜ ನೂಲು ಕೊಡಬೇಕೆಂಬ ನಿಯಮ ಒಪ್ಪಿದರು. ಅದು ವರ್ಷ ತುಂಬುವ ಮೊದಲೇ ಸಡಿಲವಾಯಿತು, ಅಷ್ಟು ನೂಲು ಎಲ್ಲರ ಕೈಲಾಗಲಿಲ್ಲ. ಆದರೂ ಅದರ ಹಿಂದಿನ ವಿಚಾರ ನನ್ನನ್ನು ಬಿಟ್ಟಿಲ್ಲ: ತೊಡುವ ಬಟ್ಟೆಗೆ ತೊಡುವವನೇ ಬೆವರು ಸುರಿಸಬೇಕು. ಫ್ರಾನ್ಸಿನಲ್ಲಿ 2018ರಲ್ಲಿ ಇಂಧನ ತೆರಿಗೆಯ ವಿರುದ್ಧ ಬೀದಿಗೆ ಬಂದವರು ಹಳದಿ ಜಾಕೆಟ್ ತೊಟ್ಟರು. ಕಾನೂನಿನ ಪ್ರಕಾರ ಪ್ರತಿ ಕಾರಿನಲ್ಲೂ ಇರಲೇಬೇಕಾದ ಜಾಕೆಟ್ ಅದು, ಯಾರೂ ಹಂಚಬೇಕಾಗಿ ಬರಲಿಲ್ಲ.

ನಾವು ಹುಳು ಸಾಕಿ ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹಾಕುವ ಜನ, ನೂಲಿನ ಬೆಲೆ ಬಲ್ಲವರು. ಹಾಗಾಗಿ ಮುಂದಿನ ಸಭೆಗೆ ನನ್ನದೊಂದು ಸೂಚನೆ ಇದೆ: ಕೈಮಗ್ಗದ ಹತ್ತಿಯ ಶಾಲೇ ಆಗಲಿ. ಪಾಲಿಸ್ಟರಿಗಿಂತ ಅದರ ಬೆಲೆ ಹೆಚ್ಚು. ಕೂಲಿ ಮಾಡುವ ಸದಸ್ಯರಿಗೆ ಭಾರವಾಗುತ್ತದೆ ಎಂದು ಈಗಾಗಲೇ ಆಕ್ಷೇಪ ಬಂದಿದೆ. ಕಂತಿನಲ್ಲಿ ಕೊಡಲಿ ಎನ್ನುವವರು ಕೆಲವರು, ಎರಡು ಬೆಳೆ ಕಾಯೋಣ ಎನ್ನುವವರು ಕೆಲವರು. ಟೀ ಶರ್ಟ್ ಕೇಳಿದ ಹುಡುಗರಲ್ಲೇ ಒಬ್ಬ ನೇಕಾರರನ್ನು ವಿಚಾರಿಸಿ ದರ ತಿಳಿದುಕೊಂಡು ಬರುತ್ತೇನೆಂದು ಒಪ್ಪಿಕೊಂಡಿದ್ದಾನೆ.