ನೌಕಾವಾಸದ ಸ್ಕೂಬಾ ಯಾತ್ರೆ: ಒಂದು ಪರಿಚಯ

ನೀರಿನೊಳಗೆ ಉಸಿರಾಡುವ ಶಕ್ತಿಯನ್ನು ಪ್ರಕೃತಿಯು ಮಾನವನಿಗೆ ಕೊಟ್ಟಿಲ್ಲ. ಆ ಕೊರತೆಯನ್ನು ಅವನು ತನ್ನ ಬುದ್ಧಿಬಲದಿಂದ ತುಂಬಿಕೊಂಡದ್ದು ತೀರ ಈಚಿನ ಸಂಗತಿ. ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕುಸ್ಟೊ ಹಾಗೂ ಇಂಜಿನಿಯರ್ ಎಮಿಲ್ ಗಾನ್ಯಾನ್ ಇವರು 1943ರಲ್ಲಿ, ಮುಳುಗುಗಾರನು ಉಸಿರೆಳೆದಾಗ ಮಾತ್ರ ಬೇಕಾದಷ್ಟು ಗಾಳಿಯನ್ನು ಒದಗಿಸುವ ಕವಾಟವನ್ನು ಸಿದ್ಧಪಡಿಸಿದರು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮೀನಿನಂತೆ ಸ್ವತಂತ್ರವಾಗಿ ಸಂಚರಿಸುವ ಸ್ಕೂಬಾ ವಿದ್ಯೆಯ ಪ್ರಸಾರಕ್ಕೆ ಅದೇ ತಳಹದಿಯಾಯಿತು. 1951ರಲ್ಲಿ ಕುಸ್ಟೊ ತನ್ನ ‘ಕ್ಯಾಲಿಪ್ಸೊ’ ನೌಕೆಯನ್ನು ಕೆಂಪು ಸಮುದ್ರಕ್ಕೆ ಕೊಂಡೊಯ್ದು, ನೌಕೆಯಲ್ಲಿಯೇ ವಾಸಿಸುತ್ತ ಸಮುದ್ರಗರ್ಭವನ್ನು ಶೋಧಿಸಿದನು. ಅಂದು ವಿಜ್ಞಾನಿಗಳಿಗೆ ಮೀಸಲಾಗಿದ್ದ ಆ ಬಗೆಯ ಯಾತ್ರೆ ಇಂದು ಸಾಮಾನ್ಯ ಪ್ರವಾಸಿಗೂ ಸಾಧ್ಯವಾಗಿದೆ. ಇದನ್ನೇ ‘ಲಿವ್‌ಅಬೋರ್ಡ್’ ಎನ್ನುತ್ತಾರೆ.

ಕೊಲ್ಲಿ ರಾಷ್ಟ್ರಗಳಲ್ಲಿ ಉದ್ಯೋಗದಲ್ಲಿರುವ ಕನ್ನಡಿಗರಿಗೆ ಕೆಂಪು ಸಮುದ್ರವು ಬಹು ದೂರದ್ದಲ್ಲ. ನಮ್ಮ ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿ ದ್ವೀಪದಲ್ಲಿ ಮೊದಲ ಸಲ ನೀರಿಗಿಳಿದ ತರುಣರು ಮುಂದೆ ಇಂಥ ಯಾತ್ರೆಗೆ ಮನಸ್ಸು ಮಾಡುವುದೂ ಸಹಜ. ಆದರೆ ನೇತ್ರಾಣಿಗೆ ಬೆಳಿಗ್ಗೆ ಹೋದವರು ಅಂದೇ ದಡ ಸೇರುತ್ತಾರೆ. ನೌಕಾವಾಸದಲ್ಲಿ ಏಳು ದಿನ ಸಮುದ್ರವೇ ಮನೆ. ಆದುದರಿಂದ ಅಲ್ಲಿ ಏನನ್ನು ನಿರೀಕ್ಷಿಸಬೇಕು, ಯಾವುದಕ್ಕೆ ಎಚ್ಚರವಾಗಿರಬೇಕು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

ನೌಕೆಯ ದಿನಚರಿ

ಈಜಿಪ್ಟಿನ ಹುರ್ಘಾದಾ, ಮಾರ್ಸಾ ಆಲಮ್ ಮೊದಲಾದ ಕಡೆಗಳಿಂದ ಈ ನೌಕೆಗಳು ಹೊರಡುತ್ತವೆ. ಸಾಮಾನ್ಯವಾಗಿ ಇಬ್ಬರಿಗೆ ಒಂದು ಕೋಣೆ. ಸಿಹಿನೀರು ಮಿತ, ಸ್ನಾನವೂ ಮಿತವಾಗಿರಬೇಕು. ಮೊದಲ ದಿನ ಪ್ರಮಾಣಪತ್ರ, ಮುಳುಗಿದ ದಾಖಲೆಯ ಪುಸ್ತಕ ಮತ್ತು ವಿಮಾಪತ್ರಗಳನ್ನು ಪರೀಕ್ಷಿಸುತ್ತಾರೆ. ದಡದಿಂದ ಬಹುದೂರದ ‘ಬ್ರದರ್ಸ್’ ದ್ವೀಪಗಳಂಥ ಪ್ರಬಲ ಪ್ರವಾಹವುಳ್ಳ ಸ್ಥಳಗಳಿಗೆ ಕನಿಷ್ಠ 50 ಸಲ ಮುಳುಗಿದ ಅನುಭವವನ್ನು ಕೇಳುವುದು ವಾಡಿಕೆ.

ದಿನಕ್ಕೆ ಮೂರರಿಂದ ನಾಲ್ಕು ಸಲ ಮುಳುಗಬೇಕಾಗುತ್ತದೆ: ಸೂರ್ಯೋದಯದ ವೇಳೆಗೆ ಒಮ್ಮೆ, ಉಪಾಹಾರದ ಬಳಿಕ ಒಮ್ಮೆ, ಮಧ್ಯಾಹ್ನ ಒಮ್ಮೆ, ಅನುಕೂಲವಿದ್ದರೆ ರಾತ್ರಿ ದೀಪ ಹಿಡಿದು ಇನ್ನೊಮ್ಮೆ. ಪ್ರತಿಸಲವೂ ಮಾರ್ಗದರ್ಶಿಯು ಹಲಗೆಯ ಮೇಲೆ ನಕ್ಷೆ ಬರೆದು ಆಳ, ಪ್ರವಾಹದ ದಿಕ್ಕು ಹಾಗೂ ಹಿಂದಿರುಗುವ ಬಗೆಯನ್ನು ತಿಳಿಸುತ್ತಾನೆ. ಬಳಿಕ ಜೊತೆಗಾರರಿಬ್ಬರೂ ಪರಸ್ಪರರ ಉಪಕರಣಗಳನ್ನು ಪರೀಕ್ಷಿಸುತ್ತಾರೆ. ನೀರಿಗೆ ಇಳಿಯುವಾಗ ಒಮ್ಮೆ, ಮೇಲೆ ಬಂದಾಗ ಒಮ್ಮೆ ತಲೆಯೆಣಿಕೆ ನಡೆಯುತ್ತದೆ. ಎಣಿಕೆಯಲ್ಲಿ ಒಬ್ಬನು ಕಡಮೆಯಾದರೂ ನೌಕೆ ಕದಲಕೂಡದು.

ಕಾಣುವ ನೋಟವಾದರೋ ಅಪೂರ್ವ. 1983ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ರಾಸ್ ಮಹಮ್ಮದ್‌ನಲ್ಲಿ ಹವಳದ ಗೋಡೆ ಕಡಿದಾಗಿ ಆಳಕ್ಕೆ ಇಳಿಯುತ್ತದೆ. ಸೂಯೆಜ್ ಕೊಲ್ಲಿಯ ಬಾಯಿಯಲ್ಲಿ, ಸುಮಾರು 30 ಮೀಟರ್ ಆಳದಲ್ಲಿ, ‘ಥಿಸ್ಲ್‌ಗಾರ್ಮ್’ ಎಂಬ ಬ್ರಿಟಿಷ್ ಸರಕುಹಡಗು ಮಲಗಿದೆ. 1941ರ ಅಕ್ಟೋಬರ್ 6ರಂದು ಜರ್ಮನ್ ವಿಮಾನಗಳ ದಾಳಿಗೆ ತುತ್ತಾದ ಅದರ ಒಡಲಲ್ಲಿ ಸೈನ್ಯಕ್ಕೆಂದು ಸಾಗಿಸುತ್ತಿದ್ದ ಲಾರಿಗಳೂ ಮೋಟಾರು ಸೈಕಲ್ಲುಗಳೂ ಇನ್ನೂ ಸಾಲಾಗಿ ನಿಂತಿವೆ. ಅವುಗಳ ನಡುವೆ ಮೀನುಗಳು ಸಂಸಾರ ಹೂಡಿವೆ. ಅಂದು ಒಂಬತ್ತು ಮಂದಿ ಅಸುನೀಗಿದ ಸ್ಥಳವದು. ನೋಡಬೇಕು, ಮುಟ್ಟಬಾರದು.

ಬಾಯ್ಲ್‌ನ ನಿಯಮವೇ ಪ್ರಾಣರಕ್ಷಕ

ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಬಾಯ್ಲ್‌ನ ನಿಯಮವು ಇಲ್ಲಿ ಪ್ರಾಣದ ಪ್ರಶ್ನೆಯಾಗುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಮೇಲ್ಮೈಯಲ್ಲಿ ಒಂದು, 10 ಮೀಟರಿನಲ್ಲಿ ಎರಡು, 30 ಮೀಟರಿನಲ್ಲಿ ನಾಲ್ಕು.

ಒಂದು ಲೆಕ್ಕವನ್ನು ನೋಡೋಣ. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿಯಿದ್ದರೆ ಒಟ್ಟು 2,400 ಲೀಟರ್. ಆಪತ್ತಿಗೆಂದು 50 ಬಾರ್ ಉಳಿಸಿದರೆ ಬಳಕೆಗೆ 1,800 ಲೀಟರ್. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ 10 ಮೀಟರಿನಲ್ಲಿ 40 ಲೀಟರ್ ಬೇಕು; ಅವನ ಗಾಳಿ 45 ನಿಮಿಷ ಬರುತ್ತದೆ. 30 ಮೀಟರಿನಲ್ಲಿ 80 ಲೀಟರ್ ಬೇಕು. ಆಗ ಬರುವುದು 22 ನಿಮಿಷ ಮಾತ್ರ.

ಇದೇ ನಿಯಮದ ಇನ್ನೊಂದು ಮುಖ ಮತ್ತಷ್ಟು ಉಗ್ರವಾದುದು. 10 ಮೀಟರ್ ಆಳದಲ್ಲಿ ಪುಪ್ಪುಸ ತುಂಬ ಉಸಿರೆಳೆದು, ಅದನ್ನು ಬಿಗಿಹಿಡಿದು ಮೇಲೇರಿದರೆ ಆ ಗಾಳಿ ಇಮ್ಮಡಿಯಾಗಿ ಹಿಗ್ಗಲು ಯತ್ನಿಸಿ ಪುಪ್ಪುಸವನ್ನೇ ಹರಿಯಬಲ್ಲದು. ಆದುದರಿಂದ ಸ್ಕೂಬಾದ ಮೊದಲ ಆಜ್ಞೆ: ಎಂದಿಗೂ ಉಸಿರನ್ನು ಬಿಗಿಹಿಡಿಯಬಾರದು.

ಸಾರಜನಕದ ಸಾಲ

ಒತ್ತಡ ಹೆಚ್ಚಿದಂತೆ ಗಾಳಿಯಲ್ಲಿನ ಸಾರಜನಕವು ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಕರಗುತ್ತದೆ. ನಿಧಾನವಾಗಿ ಮೇಲೇರಿದರೆ ಅದು ಉಸಿರಿನ ಮೂಲಕ ಹೊರಹೋಗುತ್ತದೆ. ಅವಸರಪಟ್ಟರೆ, ಸೋಡಾ ಸೀಸೆಯ ಮುಚ್ಚಳ ತೆರೆದಂತೆ, ದೇಹದೊಳಗೇ ಗುಳ್ಳೆಗಳೇಳುತ್ತವೆ. ಕೀಲುನೋವು, ಜೋಮು, ಅಸಹಜ ಆಯಾಸ ಇದರ ಲಕ್ಷಣಗಳು. ತೀವ್ರವಾದಾಗ ಪಾರ್ಶ್ವವಾಯುವೂ ಮರಣವೂ ಸಂಭವಿಸಬಹುದು. ಹಂತಹಂತವಾಗಿ ಮೇಲೇರುವ ಕ್ರಮವನ್ನು ಜೆ. ಎಸ್. ಹಾಲ್ಡೇನ್ ಮತ್ತು ಅವನ ಸಂಗಡಿಗರು ಆಡುಗಳ ಮೇಲೆ ಪ್ರಯೋಗಗಳನ್ನು ನಡೆಸಿ 1908ರಲ್ಲಿ ಪ್ರಕಟಿಸಿದರು.

ನೌಕಾವಾಸದ ವಿಶೇಷ ಅಪಾಯವಿರುವುದು ಇಲ್ಲಿಯೇ. ಒಂದು ಮುಳುಗಿನ ಸಾಲ ತೀರುವ ಮುನ್ನವೇ ಮತ್ತೊಂದು ಸಾಲ ಕೂಡಿಕೊಳ್ಳುತ್ತದೆ. ಆದಕಾರಣ ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರಬಾರದು. 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು. ನೀರನ್ನು ಧಾರಾಳವಾಗಿ ಕುಡಿಯಬೇಕು. ದಣಿದ ದಿನ ಒಂದು ಮುಳುಗನ್ನು ಬಿಡಲು ನಾಚಬಾರದು. ಲಕ್ಷಣ ಕಂಡರೆ ಮುಚ್ಚಿಡದೆ ಹೇಳಿ, ಕೂಡಲೇ ಶುದ್ಧ ಆಮ್ಲಜನಕವನ್ನು ಪಡೆಯಬೇಕು. ಕೊನೆಯ ಮುಳುಗಿಗೂ ವಿಮಾನಯಾನಕ್ಕೂ ನಡುವೆ ಕನಿಷ್ಠ 18 ಗಂಟೆ, ಸಾಧ್ಯವಾದರೆ 24 ಗಂಟೆ ಬಿಡುವಿರಬೇಕು. ಯಾತ್ರೆಯ ಕಡೆಯ ದಿನ ಮುಳುಗು ಕಡಮೆಯಿರುವುದಕ್ಕೆ ಇದೇ ಕಾರಣ. ಅದನ್ನು ನಷ್ಟವೆಂದು ಭಾವಿಸಬಾರದು.

ನೌಕೆಯ ಸುರಕ್ಷತೆ

ನೀರಿನ ಕೆಳಗಿನ ಅಪಾಯವನ್ನಷ್ಟೇ ಯೋಚಿಸಿ ಮಲಗುವ ಕೋಣೆಯ ಅಪಾಯವನ್ನು ಮರೆಯುವವರೇ ಹೆಚ್ಚು. 2019ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ದ್ವೀಪದ ಬಳಿ ಲಂಗರು ಹಾಕಿದ್ದ ‘ಕನ್ಸೆಪ್ಷನ್’ ನೌಕೆಗೆ ಬೆಂಕಿ ತಗುಲಿ, ಕೆಳಗಿನ ಅಂತಸ್ತಿನಲ್ಲಿ ಮಲಗಿದ್ದ 34 ಮಂದಿ ಮೃತಪಟ್ಟರು. ಅಲ್ಲಿಂದ ಹೊರಬರುವ ದಾರಿಗಳೆರಡೂ ಬೆಂಕಿ ಹೊತ್ತಿದ ಮೇಲಿನ ಕೋಣೆಗೇ ತೆರೆಯುತ್ತಿದ್ದವು. ರಾತ್ರಿ ಗಸ್ತು ತಿರುಗುವ ಕಾವಲಿನವನೂ ಇರಲಿಲ್ಲವೆಂಬುದು ವಿಚಾರಣೆಯಲ್ಲಿ ಹೊರಬಿತ್ತು. 2024ರ ನವೆಂಬರ್ 25ರಂದು ಕೆಂಪು ಸಮುದ್ರದಲ್ಲಿಯೇ ‘ಸೀ ಸ್ಟೋರಿ’ ಎಂಬ ನೌಕೆ ಮುಳುಗಿ ಹಲವರು ಪ್ರಾಣ ಕಳೆದುಕೊಂಡರು.

ಆದುದರಿಂದ ಹಣ ಕಟ್ಟುವ ಮೊದಲೇ ಈ ಪ್ರಶ್ನೆಗಳನ್ನು ಕೇಳಬೇಕು: ರಾತ್ರಿಯಿಡೀ ಎಚ್ಚರವಿರುವ ಕಾವಲಿನವನಿರುವನೆ? ಮಲಗುವ ಕೋಣೆಯಿಂದ ಬೇರೆ ಬೇರೆ ಕಡೆಗೆ ತೆರೆಯುವ ಎರಡು ದಾರಿಗಳಿವೆಯೆ? ಹೊಗೆಸೂಚಕ, ತೇಲುಕವಚ, ಜೀವರಕ್ಷಕ ತೆಪ್ಪಗಳು ಎಲ್ಲರಿಗೂ ಸಾಕಾಗುವಷ್ಟಿವೆಯೆ? ಆಮ್ಲಜನಕದ ದಾಸ್ತಾನು ಎಷ್ಟು? ಒತ್ತಡಕೋಣೆಯ ಚಿಕಿತ್ಸೆಗೆ ಎಷ್ಟು ಹೊತ್ತಿನ ದಾರಿ? ನೌಕೆ ಏರಿದ ದಿನವೇ ಆ ದಾರಿಗಳಲ್ಲಿ ಒಮ್ಮೆ ನಡೆದು ನೋಡಬೇಕು. ಕ್ಯಾಮರಾ, ದೀಪಗಳ ಬ್ಯಾಟರಿಗಳನ್ನು ಯಾರೂ ಗಮನಿಸದ ಎಡೆಯಲ್ಲಿ ರಾತ್ರಿ ವಿದ್ಯುತ್ತಿಗೆ ಹಚ್ಚಿಡಬಾರದು. ಇಂಥ ಪ್ರಶ್ನೆಗಳಿಗೆ ಬೇಸರಪಡುವ ನೌಕೆಯನ್ನು, ದರ ಎಷ್ಟೇ ಅಗ್ಗವಿರಲಿ, ಬಿಡುವುದೇ ಲೇಸು.

ಉಪಸಂಹಾರ

ಸಮುದ್ರವು ಯಾರ ಹಗೆಯೂ ಅಲ್ಲ, ಯಾರ ನಂಟನೂ ಅಲ್ಲ. ಅದರ ನಿಯಮ ಎಲ್ಲರಿಗೂ ಒಂದೇ. ಆ ನಿಯಮವನ್ನರಿತು ನಡೆಯುವವನಿಗೆ ನೌಕಾವಾಸದ ಏಳು ದಿನಗಳು ಬಾಳಿಡೀ ನೆನಪಿನಲ್ಲುಳಿಯುತ್ತವೆ. ತರಗತಿಯಲ್ಲಿ ಒತ್ತಡ ಮತ್ತು ಗಾತ್ರಗಳ ಸಂಬಂಧವನ್ನು ಬೋಧಿಸುವಾಗ ಶಿಕ್ಷಕರು ಈ ಸಿಲಿಂಡರಿನ ಲೆಕ್ಕವನ್ನು ಕರಿಹಲಗೆಯ ಮೇಲೆ ಒಮ್ಮೆ ಬಿಡಿಸಿ ತೋರಿಸಿದರೆ, ಪರೀಕ್ಷೆಯ ಅಂಕಗಳಿಗಾಗಿ ಕಲಿತದ್ದು ಮುಂದೊಂದು ದಿನ ಯಾವುದೋ ಕಡಲಿನಲ್ಲಿ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಸುರಕ್ಷಿತವಾಗಿ ಮೇಲಕ್ಕೆ ತಂದೀತು.